ತಬಲಾ ಇಲ್ಲದ ಶನಿವಾರಗಳು

ಅಮೆರಿಕದ ಬ್ಲೂಗ್ರಾಸ್ ಸಂಗೀತದ ಮೇಳದಲ್ಲಿ ತಾಳವಾದ್ಯ ಇರುವುದಿಲ್ಲ. ಬ್ಯಾಂಜೊ, ಮ್ಯಾಂಡೊಲಿನ್, ಫಿಡಲ್, ಗಿಟಾರ್, ಆಳೆತ್ತರದ ಬಾಸ್, ಐದೂ ತಂತಿಯವೇ. ಆದರೂ ಕೇಳಲು ಕುಳಿತ ಸ್ವಲ್ಪ ಹೊತ್ತಿಗೆ ಕಾಲು ತಾನಾಗಿ ನೆಲ ತಟ್ಟತೊಡಗುತ್ತದೆ. ಆ ಪೆಟ್ಟು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಕೂರುವುದು ನನಗೆ ಬಲು ಪ್ರೀತಿಯ ಕೆಲಸ. ಬಾಸ್ ತೂಕದ ಮಾತ್ರೆಗಳಿಗೆ ‘ದುಂ’ ಎನ್ನುತ್ತದೆ. ಅವುಗಳ ನಡುವಿನ ಖಾಲಿಯಲ್ಲಿ ಮ್ಯಾಂಡೊಲಿನ್‌ನವನು ಜೋಡಿತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ, ನಾದ ಅರಳುವ ಮೊದಲೇ ಎಡಗೈಯ ಒತ್ತು ಸಡಿಲಿಸಿ ಅದನ್ನು ಕತ್ತರಿಸಿಬಿಡುತ್ತಾನೆ: ‘ಚಕ್’. ಅವರಲ್ಲಿ ಇದಕ್ಕೆ ಚಾಪ್ ಅನ್ನುತ್ತಾರೆ. ದುಂ ಚಕ್, ದುಂ ಚಕ್. ಇದರ ಮೇಲೆ ಬ್ಯಾಂಜೊದವನ ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದರ ಬೆನ್ನಿಗೆ ಒಂದು ಉರುಳುತ್ತಲೇ ಇರುತ್ತವೆ. ಒಬ್ಬ ಡೋಲಿನವನ ಕೆಲಸವನ್ನು ಐವರು ಹಂಚಿಕೊಂಡಿರುತ್ತಾರೆ. ಯಾರೊಬ್ಬರ ಕೈಯಲ್ಲೂ ಇಡೀ ತಾಳ ಇಲ್ಲ. ಎಲ್ಲರೂ ಸೇರಿದಾಗ ಇದೆ.

ಈ ಸಂಗೀತ ನವಿ ಮುಂಬಯಿಯ ಐರೋಲಿಯ ನಮ್ಮ ಮನೆಗೆ ಬಂದದ್ದು ತಬಲಾದಣ್ಣನಿಂದ. ನಮ್ಮ ಭಜನಾ ಮಂಡಳಿಯಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಕಾರ್ಕಳದ ಕಡೆಯವರು. ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುತ್ತ, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಪರೇಲಿನ ಚಾಳೊಂದರಲ್ಲಿ ಗಿರಣಿ ಕಾರ್ಮಿಕರ ಭಜನೆಗೆ ಬಾರಿಸುತ್ತಿದ್ದ ಮರಾಠಿ ಗುರುಗಳ ಹತ್ತಿರ ಪಾಠವಾಯಿತು. ಆಮೇಲೆ ಐರೋಲಿಗೆ ಬಂದು ಹೋಟೆಲಿನ ಗಲ್ಲೆಯಲ್ಲಿ ಕೂತರು. ಗಲ್ಲೆಯ ಮೇಜಿನ ಅಂಚಿನಲ್ಲಿ ಅವರ ಬೆರಳು ಸುಮ್ಮನಿದ್ದುದನ್ನು ನಾನು ನೋಡಿಲ್ಲ. ಚಿಲ್ಲರೆ ಎಣಿಸುವಾಗಲೂ ನಾಣ್ಯಗಳು ಕೆಹರ್ವಾ ತಾಳದಲ್ಲಿ ಬೀಳುತ್ತಿದ್ದವು.

ತಬಲಾ ವಾದಕ ಜಾಕಿರ್ ಹುಸೇನ್ ಅವರ ಹೆಸರನ್ನು ತಬಲಾದಣ್ಣ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಉಸ್ತಾದರು’ ಅಷ್ಟೆ. ಠಾಣೆಯಿಂದ ಹಿಂದಿರುಗುವ ಲೋಕಲಿನಲ್ಲಿ ಒಂದು ಸಂಜೆ ತಮ್ಮ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿಟ್ಟು, “ಇದೊಂದು ಕೇಳಿ ಮಾರಾಯ್ರೆ. ಅಮೆರಿಕದ ಬ್ಯಾಂಜೊ, ನಮ್ಮ ಕೊಳಲು, ನಡುವೆ ಉಸ್ತಾದರು. ಎಡಗೈಯ ಡಗ್ಗಾ ಹೇಗೆ ಹಾಡ್ತದೆ ನೋಡಿ” ಎಂದರು. ಅದು 2023ರಲ್ಲಿ ಬಂದ ‘ಆಸ್ ವಿ ಸ್ಪೀಕ್’ ಎಂಬ ಆಲ್ಬಮ್. ಬ್ಯಾಂಜೊ ಬೇಲಾ ಫ್ಲೆಕ್ ಅವರದು, ಡಬಲ್ ಬಾಸ್ ಎಡ್ಗರ್ ಮೇಯರ್ ಅವರದು, ಬಾನ್ಸುರಿ ರಾಕೇಶ್ ಚೌರಾಸಿಯಾ ಅವರದು. 2024ರ ಫೆಬ್ರವರಿಯಲ್ಲಿ ಅದಕ್ಕೂ, ಅದರೊಳಗಿನ ‘ಪಶ್ತೋ’ ಎಂಬ ರಚನೆಗೂ ಗ್ರ್ಯಾಮಿ ಬಂತು. ಅದೇ ರಾತ್ರಿ ಜಾಕಿರ್ ಅವರಿದ್ದ ಶಕ್ತಿ ತಂಡದ ‘ದಿಸ್ ಮೊಮೆಂಟ್’ಗೂ ಬಂದು, ಮಾಹಿಮಿನ ಹುಡುಗ ಒಂದೇ ದಿನ ಮೂರು ಗ್ರ್ಯಾಮಿ ಗೆದ್ದಂತಾಯಿತು. ಮರುದಿನ ಗಲ್ಲೆಯಲ್ಲಿ ಬಿಲ್ಲು ಕೊಡಲು ಬಂದವರಿಗೆಲ್ಲ ತಬಲಾದಣ್ಣ ಪೇಡೆ ಹಂಚಿದರು.

ಅಚ್ಚ ಬ್ಲೂಗ್ರಾಸ್ ಎನ್ನುವಂಥದಲ್ಲ ಆ ಆಲ್ಬಮ್. ಫ್ಲೆಕ್ ಮಾತ್ರ ಅದೇ ಮನೆಯ ಮಗ. ನ್ಯೂಯಾರ್ಕಿನ ಹುಡುಗನಿಗೆ ಬ್ಯಾಂಜೊ ಹುಚ್ಚು ಹಿಡಿಸಿದ್ದು ಟೀವಿ ಧಾರಾವಾಹಿಯೊಂದರ ಶೀರ್ಷಿಕೆಗೆ ಅರ್ಲ್ ಸ್ಕ್ರಗ್ಸ್ ಬಾರಿಸಿದ ನಾದ. ನಾನು ಹಿಂದೆ ಹಿಂದೆ ಹೋಗಿ ಸ್ಕ್ರಗ್ಸ್ ಅವರನ್ನು ಕೇಳಿದೆ, ಅವರ ಹಿಂದೆ ಬಿಲ್ ಮನ್ರೋ ಅವರನ್ನು ಕೇಳಿದೆ. ಕೇಳಿದಷ್ಟೂ ಇದು ನಮ್ಮ ಕಡೆಯವರ ಸಂಗೀತ ಎನ್ನಿಸತೊಡಗಿತು. ಕೆಂಟಕಿಯ ರೋಸೀನ್ ಎಂಬ ಊರಿನಲ್ಲಿ 1911ರಲ್ಲಿ ಹುಟ್ಟಿದ ಮನ್ರೋ ಹದಿನೆಂಟರ ಹೊತ್ತಿಗೆ ಊರು ಬಿಟ್ಟು, ಅಣ್ಣಂದಿರಿದ್ದ ಇಂಡಿಯಾನಾದ ವೈಟಿಂಗಿಗೆ ಹೋಗಿ ತೈಲ ಶುದ್ಧೀಕರಣದ ಕಾರ್ಖಾನೆಯಲ್ಲಿ ಪೀಪಾಯಿಗಳ ಕೆಲಸ ಮಾಡಿದರು. ಸ್ಕ್ರಗ್ಸ್ ದುಡಿದದ್ದು ಉತ್ತರ ಕ್ಯಾರೊಲಿನಾದ ದಾರದ ಗಿರಣಿಯಲ್ಲಿ. ಗಿಟಾರ್ ಹಿಡಿದು ಹಾಡುತ್ತಿದ್ದ ಲೆಸ್ಟರ್ ಫ್ಲಾಟ್ ಕೂಡ ಗಿರಣಿಯವರೇ. ಬೆಟ್ಟದ ಮನೆ, ಬಿಟ್ಟು ಬಂದ ತಾಯಿ, ಕಾಯುತ್ತಿರುವ ತಮ್ಮ, ಇವೇ ಆ ಹಾಡುಗಳ ತುಂಬ. ಠಾಣೆ–ಬೇಲಾಪುರ ರಸ್ತೆಯ ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟು ಮಾಡಿ ನಿವೃತ್ತನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಸಿಕ್ ಗುಡ್ಡದ ಬುಡದಲ್ಲಿ, ಖಾಡಿಯ ಉಪ್ಪುಗಾಳಿಯಲ್ಲಿ, ಸಿಡ್ಕೊದ ಸೆಕ್ಟರುಗಳಲ್ಲಿ ಬಂದು ನೆಲೆಸಿದ ನಾವೆಲ್ಲ ಶನಿವಾರ ಸಂಜೆ ಕೂಡಿ ದಾಸರ ಪದ ಹಾಡಲು ಕಾರಣವೇ ಅದು. ಪಾಳಿ ಮುಗಿಸಿ ಬಂದವನಿಗೆ ಊರಿನ ಭಜನಾಮಂದಿರದಲ್ಲಿ ಕೂತ ಹಾಗೆ ಒಂದು ಗಳಿಗೆ ಬೇಕು.

1945ರ ಡಿಸೆಂಬರಿನಲ್ಲಿ ಸ್ಕ್ರಗ್ಸ್ ಬಂದು ಸೇರಿದ ಮೇಲೆ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ಮೇಳ ನ್ಯಾಶ್‌ವಿಲ್‌ನ ರೇಡಿಯೊ ಕಾರ್ಯಕ್ರಮದಲ್ಲಿ ಹೊಸ ಬಗೆಯ ಸದ್ದು ಮಾಡಿತು. ಮೇಳದ ಹೆಸರೇ ಮುಂದೆ ಇಡೀ ಸಂಗೀತಕ್ಕೆ ಹೆಸರಾಯಿತು. ಹಳೆಯ ಚಿತ್ರಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಈ ಬಗೆಯ ಮೇಳಗಳು ಒಂದೇ ಮೈಕಿನ ಸುತ್ತ ನಡೆದಾಡುವ ರೀತಿಯನ್ನು. ಸರದಿ ಬಂದವನು ಮುಂದೆ ಬಾಗಿ ಬಾರಿಸುತ್ತಾನೆ, ಮುಗಿಸಿ ಓರೆಯಾಗಿ ಹಿಂದೆ ಸರಿಯುತ್ತಾನೆ, ಫಿಡಲಿನವನು ಅವನ ಭುಜ ದಾಟಿ ಬರುತ್ತಾನೆ. ಮದುವೆಮನೆಯ ಪಂಕ್ತಿಯಲ್ಲಿ ಸಾರಿನವನೂ ಪಲ್ಯದವನೂ ಎದುರುಬದುರಾದರೂ ಒಬ್ಬರನ್ನೊಬ್ಬರು ತಾಗದೆ ಬಡಿಸಿಕೊಂಡು ಹೋಗುವ ನಾಜೂಕು ಅದರಲ್ಲಿದೆ. ಹಿಂದೆ ಸರಿದವನು ಸುಮ್ಮನಾಗುವುದಿಲ್ಲ. ಮುಂದಿನವನಿಗೆ ತಾಳ ಹಿಡಿಯುತ್ತಾನೆ.

ಹೀಗೆ ತಾಳವನ್ನು ತಮ್ಮೊಳಗೇ ಹಂಚಿಕೊಂಡು ಬದುಕಿದ ಮನೆಗೆ ತಬಲಾ ಬಂದರೆ ಏನಾಗುತ್ತದೆ? ಜಾಕಿರ್, ಫ್ಲೆಕ್, ಮೇಯರ್ ಮೂವರೂ ಸೇರಿ ಮೊದಲು ರಚಿಸಿದ್ದು ‘ದ ಮೆಲಡಿ ಆಫ್ ರಿದಂ’ ಎಂಬ ಕೃತಿ. 2006ರಲ್ಲಿ, ಮನ್ರೋ ಮೇಳ ಹೆಸರು ಮಾಡಿದ ಅದೇ ನ್ಯಾಶ್‌ವಿಲ್‌ನಲ್ಲಿ ಹೊಸದಾಗಿ ಕಟ್ಟಿದ ಶರ್ಮರ್‌ಹಾರ್ನ್ ಸಭಾಂಗಣ ತೆರೆದಾಗ ಅದನ್ನು ಸಿಂಫನಿಯೊಂದಿಗೆ ನುಡಿಸಿದರು. ಬ್ಯಾಂಜೊವನ್ನು ಹತ್ತಿರದಿಂದ ನೋಡಿದರೆ ಅದರ ಹೊಟ್ಟೆ ಬಿಗಿದ ಚರ್ಮ. (ಈಗ ಹೆಚ್ಚಾಗಿ ಪ್ಲಾಸ್ಟಿಕ್.) ಆಫ್ರಿಕದಿಂದ ಗುಲಾಮರಾಗಿ ಎಳೆದೊಯ್ಯಲ್ಪಟ್ಟವರು ಸೋರೆಬುರುಡೆಗೆ ಚರ್ಮ ಹೊದಿಸಿ ತಂತಿ ಕಟ್ಟಿದ ವಾದ್ಯದ ನೆನಪನ್ನು ಜೊತೆಗೆ ಒಯ್ದಿದ್ದರು. ಫ್ಲೆಕ್ 2005ರಲ್ಲಿ ಉಗಾಂಡ, ತಾಂಜಾನಿಯ, ಗ್ಯಾಂಬಿಯ, ಮಾಲಿಗಳನ್ನು ಸುತ್ತಿ ಆ ಮೂಲದವರ ಜೊತೆ ಕುಳಿತು ನುಡಿಸಿ ಬಂದವರು. ಹಾಗಾಗಿ ತಬಲಾದ ಎದುರು ಕೂತಾಗ ಅವರ ಬ್ಯಾಂಜೊ ತನ್ನೊಳಗಿನ ಡೋಲನ್ನು ಮರೆತಿರುವುದಿಲ್ಲ. ಆದರೂ ನನ್ನ ಕಿವಿಗೆ ಕೇಳುವುದು ಹೀಗೆ: ತಬಲಾ ಸೇರಿಕೊಂಡ ಕ್ಷಣ ಬ್ಯಾಂಜೊ ಹೆಗಲ ಹೊರೆ ಇಳಿಸಿ ಸ್ವರದ ಬೆನ್ನು ಹತ್ತುತ್ತದೆ. ಬಾಸ್ ಕಮಾನು ಎತ್ತಿಕೊಂಡು ಉದ್ದುದ್ದ ಹಾಡತೊಡಗುತ್ತದೆ. ತಬಲಾ ಅವರ ತಾಳವನ್ನು ಕಿತ್ತುಕೊಂಡಿಲ್ಲ, ಹಿಡಿದುಕೊಂಡಿದೆ, ನೀವು ಹೋಗಿ ಬನ್ನಿ ಎಂದಿದೆ. ಜೊತೆಗಾರಿಕೆ ಎಂದರೆ ಇಷ್ಟು ಉದಾರವಾಗಿರಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಜಾಕಿರ್ ಅವರಿಗೆ ಜೊತೆಗಾರರನ್ನು ಕಳೆದುಕೊಂಡು ಬಾರಿಸುವುದು ಹೊಸತಾಗಿರಲಿಲ್ಲ. ಶಕ್ತಿ ತಂಡ 1997ರಿಂದ ‘ರಿಮೆಂಬರ್ ಶಕ್ತಿ’ಯಾಗಿ ಮತ್ತೆ ಕೂಡಿದ ಮೇಲೆ ಅವರ ಪಕ್ಕದಲ್ಲಿ ಮ್ಯಾಂಡೊಲಿನ್ ಹಿಡಿದು ಕೂತವರು ಯು. ಶ್ರೀನಿವಾಸ್. ಮನ್ರೋ ಕೈಯಲ್ಲಿ ಚಕ್ ಎಂದು ತಾಳ ಹಿಡಿದ ವಾದ್ಯ ಶ್ರೀನಿವಾಸ್ ಕೈಯಲ್ಲಿ ಐದು ಒಂಟಿ ತಂತಿಗಳಾಗಿ ಕರ್ನಾಟಕ ಸಂಗೀತದ ಗಮಕಗಳನ್ನೆಲ್ಲ ಆಡಿತು. 2014ರ ಸೆಪ್ಟೆಂಬರ್ 19ರಂದು ಅವರು ತೀರಿಕೊಂಡಾಗ ವಯಸ್ಸು ಬರೀ 45. ಮುಂದೆ ತಂಡ ಮತ್ತೆ ಕೂಡಿದಾಗ ಆ ಜಾಗಕ್ಕೆ ಇನ್ನೊಂದು ಮ್ಯಾಂಡೊಲಿನ್ ತರಲಿಲ್ಲ. ಗಣೇಶ್ ರಾಜಗೋಪಾಲನ್ ಅವರ ಪಿಟೀಲು ಬಂತು. ಇದು ನನಗೆ ತುಂಬ ಸರಿ ಎನ್ನಿಸಿದ ತೀರ್ಮಾನ.

ತಂದೆಯ ವಿಷಯದಲ್ಲಿ ಜಾಕಿರ್ ಮಾಡಿದ್ದು ಮುಂಬಯಿಯವರಿಗೆಲ್ಲ ಗೊತ್ತು. ಉಸ್ತಾದ್ ಅಲ್ಲಾರಖಾ ತೀರಿಕೊಂಡದ್ದು 2000ದ ಫೆಬ್ರವರಿ 3ರಂದು. ಆಮೇಲೆ ಪ್ರತಿ ವರ್ಷ ಅದೇ ದಿನ ಷಣ್ಮುಖಾನಂದ ಸಭಾಗೃಹದಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ನಾದ. ತಬಲಾದಣ್ಣನ ಜೊತೆ ಮೊದಲ ಲೋಕಲುಗಳನ್ನು ಹಿಡಿದು, ಠಾಣೆಯಲ್ಲಿ ಬದಲಿಸಿ, ಸಾಯನ್‌ನಲ್ಲಿ ಇಳಿದು, ಚಳಿಯಲ್ಲಿ ನಡೆದು ಹೋದ ಬೆಳಗುಗಳು ನನಗೆ ಹಬ್ಬದಂತೆ ನೆನಪಿವೆ. ತಂದೆ ಸತ್ತ ದಿನವನ್ನು ಮಗ ಹೀಗೂ ಆಚರಿಸಬಹುದು. ಮುಖ ಬಾಡಿಸಿಕೊಂಡು ಕೂತವರು ಅಲ್ಲಿ ಇರುತ್ತಿರಲಿಲ್ಲ. ಎಲ್ಲೆಲ್ಲಿಯ ತಾಳವಾದ್ಯದವರೋ ಬಂದು ಅಬ್ಬಾಜಿಗಾಗಿ ಕೈ ದಣಿಯುವಷ್ಟು ಬಾರಿಸಿ ನಗುತ್ತ ಏಳುತ್ತಿದ್ದರು. ಸಭಿಕರಲ್ಲಿ ಅರ್ಧ ಮಂದಿಯ ಕೈ ತೊಡೆಯ ಮೇಲೆ ಎಣಿಸುತ್ತಿರುತ್ತಿತ್ತು. ವಿರಾಮದಲ್ಲಿ ಇಡ್ಲಿ ತಿನ್ನುತ್ತ ತಬಲಾದಣ್ಣ ಹೇಳುತ್ತಿದ್ದರು: “ನಾನು ಹೋದ್ರೆ ಬೊಜ್ಜದ ಊಟ ಮಾತ್ರ ಹಾಕಿ ಕೈ ತೊಳ್ಕೊಳ್ಬೇಡಿ ಮಾರಾಯ್ರೆ. ಅರ್ಧ ಏಕಾಹ ಭಜನೆ ಆದ್ರೂ ಮಾಡಿ.”

2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು. 73 ವರ್ಷ. ಅದರ ನಂತರದ ಶನಿವಾರ ತಬಲಾದಣ್ಣ ಮಂಗಳಾರತಿಗೆ ಮೊದಲು ಎಲ್ಲರನ್ನೂ ತಡೆದು, ಯಾವ ಪದವೂ ಇಲ್ಲದೆ, ಗುರುಗಳು ಕಲಿಸಿದ ಒಂದು ಕಾಯ್ದಾವನ್ನು ಒಬ್ಬರೇ ಬಾರಿಸಿದರು. ಹಾರ್ಮೋನಿಯಂನವರು ಲೆಹರಾ ಹಿಡಿದರು. ದಿನವೂ ಗಡಿಬಿಡಿಯಲ್ಲಿರುವ ನಮ್ಮ ಹೆಂಗಸರು ಅಡುಗೆಮನೆಯಿಂದ ಬಂದು ಗೋಡೆಗೆ ಒರಗಿ ಕೂತು ಕೇಳಿದರು. ಅಲ್ಲಾಹನ ಮನೆಗೂ ನಮ್ಮ ಅನಂತಶಯನನ ಮನೆಗೂ ನಡುವೆ ಗೋಡೆ ಇದ್ದಂತೆ ಅಂದು ಯಾರಿಗೂ ಕಾಣಲಿಲ್ಲ.

ಕಳೆದ ವರ್ಷ ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದ ವಾರ, ತಬಲಾದಣ್ಣನೂ ಹೋದರು. ಹೃದಯ ನಿಂತಿತು. ರಾತ್ರಿ ಗಲ್ಲೆ ಮುಚ್ಚಿ ಮನೆಗೆ ಬಂದವರು ಬೆಳಿಗ್ಗೆ ಏಳಲಿಲ್ಲ.

ಭಜನೆ ನಿಲ್ಲಿಸುವ ಮಾತು ಬಂತು. ಅಕ್ಕ, ಅವರ ಹೆಂಡತಿ, ಒಪ್ಪಲಿಲ್ಲ. ಹಾಗಾಗಿ ತಬಲಾ ಇಲ್ಲದೆ ಹಾಡಲು ಕೂತೆವು. ಆ ಶನಿವಾರಗಳಲ್ಲಿ ನನಗೆ ಬ್ಲೂಗ್ರಾಸ್ ಇನ್ನೂ ಚೆನ್ನಾಗಿ ಅರ್ಥವಾಯಿತು ಎನ್ನಬೇಕು. ಮೊದಲ ಪದಕ್ಕೇ ಲಯ ಓಡತೊಡಗಿತು. ಓಡುವ ನಮ್ಮನ್ನು ಇಷ್ಟು ವರ್ಷ ಆ ಡಗ್ಗಾದ ತೂಕ ಹಿಂದಕ್ಕೆ ಹಿಡಿದಿತ್ತು. ಎರಡನೆಯ ವಾರ ಹಾರ್ಮೋನಿಯಂನವರು ಸ್ವರಗಳನ್ನು ಎಳೆಯುವುದು ಬಿಟ್ಟು, ತಿದಿಯನ್ನು ಮಾತ್ರೆಗೆ ಸರಿಯಾಗಿ ಒತ್ತಿ ಸ್ವರವನ್ನು ತುಂಡು ತುಂಡು ಮಾಡಿ ಕೊಡತೊಡಗಿದರು. ಯಾರೂ ಹೇಳಿಕೊಟ್ಟದ್ದಲ್ಲ. ಮ್ಯಾಂಡೊಲಿನ್‌ನ ಚಾಪನ್ನು ಅವರು ಜನ್ಮದಲ್ಲಿ ಕೇಳಿಲ್ಲ. ತಾಳ ಹಿಡಿಯುವ ಹಿರಿಯಮ್ಮನ ಪೆಟ್ಟು ಗಟ್ಟಿಯಾಯಿತು. ನನ್ನ ಪಕ್ಕದ ನಿವೃತ್ತ ಬ್ಯಾಂಕಿನವರು, ಯಾವತ್ತೂ ತುಟಿ ಮಾತ್ರ ಆಡಿಸುತ್ತಿದ್ದವರು, ಮೊಣಕಾಲಿನ ಮೇಲೆ ಎಡಗೈಯಿಂದ ಖಾಲಿಯನ್ನು ತೋರಿಸತೊಡಗಿದರು. ತಬಲಾದಣ್ಣನ ಕೆಲಸ ತುಣುಕಾಗಿ ಎಲ್ಲರ ಕೈಗೂ ಬಂತು. ಅವರು ಎಷ್ಟು ಮಾಡುತ್ತಿದ್ದರು ಎಂಬುದು ನಮ್ಮ ಕೈ ನೋಯತೊಡಗಿದಾಗ ತಿಳಿಯಿತು.

ಒಂದನ್ನು ಮಾತ್ರ ಯಾರೂ ಎತ್ತಿಕೊಳ್ಳಲಿಲ್ಲ. ಪಲ್ಲವಿ ಮುಗಿದು ಚರಣ ಎತ್ತಿಕೊಳ್ಳುವ ಮೊದಲು ಅವರು ಸಣ್ಣ ತಿಹಾಯಿ ಬಾರಿಸುತ್ತಿದ್ದರು, ಒಂದೇ ತುಣುಕು ಮೂರು ಸಲ, ಮೂರನೆಯದರ ಕೊನೆಯ ಪೆಟ್ಟಿಗೆ ನಾವು ಬಾಯಿ ತೆರೆಯಬೇಕು. ಈಗ ಬಾರಿಸುವವರಿಲ್ಲ. ಆದರೂ ಪಲ್ಲವಿ ಮುಗಿದೊಡನೆ ಅಷ್ಟೂ ಮಂದಿ ಅಷ್ಟೇ ಹೊತ್ತು ನಿಂತು, ಒಂದೇ ಸಲಕ್ಕೆ ಚರಣಕ್ಕೆ ಹೊರಡುತ್ತಿದ್ದೆವು. ಹೊಸಬರು ಬಂದಿದ್ದರೆ ನಡುವೆ ಹಾಡಿಬಿಟ್ಟು ಬೆಚ್ಚಿ ಸುತ್ತ ನೋಡುತ್ತಿದ್ದರು. ಅವರಿಗೆ ಏನು ಹೇಳುವುದೆಂದು ನಮಗೂ ತಿಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಹೆಚ್ಚು ಕೇಳಿದ್ದು ರಾಲ್ಫ್ ಸ್ಟ್ಯಾನ್ಲಿ ಅವರನ್ನು. ವರ್ಜೀನಿಯಾ ಬೆಟ್ಟಗಳ ಅಣ್ಣತಮ್ಮಂದಿರು ಕಾರ್ಟರ್ ಮತ್ತು ರಾಲ್ಫ್. ಅಣ್ಣನದು ಗಿಟಾರು, ಹಾಡಿನ ಮುಖ್ಯ ದನಿ. ತಮ್ಮನದು ಬ್ಯಾಂಜೊ, ಅಣ್ಣನ ದನಿಯ ಮೇಲೆ ಏರಿ ನಿಲ್ಲುವ ಕೀಚಲು ತಾರದ ದನಿ. 1966ರ ಡಿಸೆಂಬರ್ 1ರಂದು ಕಾರ್ಟರ್ 41ನೆಯ ವಯಸ್ಸಿಗೆ ತೀರಿಕೊಂಡರು. ಮೇಲಿನ ದನಿ ಉಳಿಯಿತು, ಅದು ಕಾಲೂರುವ ಕೆಳಗಿನ ದನಿ ಹೋಯಿತು. ರಾಲ್ಫ್ ಮೇಳ ಮುಚ್ಚಲಿಲ್ಲ. ಮೊದಲು ಲ್ಯಾರಿ ಸ್ಪಾರ್ಕ್ಸ್, ಆಮೇಲೆ ಕಾರ್ಟರ್ ಅವರದೇ ಕಂಠವೇನೋ ಎನ್ನಿಸುವ ರಾಯ್ ಲೀ ಸೆಂಟರ್ಸ್, ಹೀಗೆ ಒಬ್ಬರಾದ ಮೇಲೆ ಒಬ್ಬರನ್ನು ಅಣ್ಣನ ಜಾಗದಲ್ಲಿ ನಿಲ್ಲಿಸಿ, ಅವರ ಮೇಲೆ ತಮ್ಮ ದನಿಯನ್ನು ಇಟ್ಟು ಹಾಡುತ್ತ ಹೋದರು. ಕೀತ್ ವಿಟ್ಲಿ, ರಿಕಿ ಸ್ಕ್ಯಾಗ್ಸ್ ಎಂಬ ಇಬ್ಬರು ಪಡ್ಡೆ ಹುಡುಗರನ್ನೂ ಸೇರಿಸಿಕೊಂಡರು. 2016ರ ಜೂನಿನಲ್ಲಿ ತೀರಿಕೊಂಡಾಗ ಅವರಿಗೆ 89. ಅಣ್ಣನ ಜೊತೆ ಹಾಡಿದ್ದಕ್ಕಿಂತ ಅಣ್ಣನಿಲ್ಲದೆ ಹಾಡಿದ್ದೇ ಎಷ್ಟೋ ಹೆಚ್ಚು. ಸತ್ತವರ ಜಾಗದಲ್ಲಿ ಬೇರೆಯವರನ್ನು ಕೂರಿಸುವುದು ಅಗೌರವ ಎಂದು ನಮ್ಮಲ್ಲಿ ಒಬ್ಬಿಬ್ಬರು ಹೇಳುತ್ತಿದ್ದರು. ಶಕ್ತಿ ತಂಡ ಮ್ಯಾಂಡೊಲಿನ್ ತರದಿದ್ದುದೂ ಸರಿ, ರಾಲ್ಫ್ ಅಣ್ಣನಂಥದೇ ದನಿ ಹುಡುಕಿದ್ದೂ ಸರಿ ಎಂದು ನನಗೆ ಕಾಣುತ್ತದೆ. ಉಳಿದವರ ಗಂಟಲಿಗೆ ಏನು ಬೇಕೋ ಅದನ್ನು ಹುಡುಕಬೇಕು.

ನಮಗೆ ಬೇಕಾದದ್ದು ಸಿಕ್ಕಿದ್ದು ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ. ಈ ಕಡೆಯ ಬೆಂಜೊ ಪಾರ್ಟಿಗಳನ್ನು ನೋಡದವರಿಗೆ ಹೇಳುತ್ತೇನೆ. ಇಲ್ಲಿ ಬೆಂಜೊ ಎಂದರೆ ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ಬುಲ್‌ಬುಲ್ ತರಂಗ್. 1912ರಲ್ಲಿ ಜಪಾನಿನ ನಾಗೋಯಾದಲ್ಲಿ ಮೊರಿತಾ ಗೊರೊ ಎಂಬವರು ಮಾಡಿದ ತೈಶೊಗೊತೊ ವಾದ್ಯ ನಮ್ಮ ದೇಶಕ್ಕೆ ಬಂದು ಪಡೆದ ರೂಪ. ಕರೆಂಟು ಕೊಟ್ಟು, ಟೆಂಪೊದ ಮೇಲೆ ಕಟ್ಟಿದ ಭೋಂಗಾ ಸ್ಪೀಕರುಗಳಲ್ಲಿ ಕೋಳಿ ಮೀನುಗಾರರ ಗೀತೆಗಳನ್ನು ಅದರಲ್ಲಿ ನುಡಿಸಿದರೆ ರಸ್ತೆಯೇ ಕುಣಿಯುತ್ತದೆ. ಕಳೆದ ಗಣಪತಿಗೆ ಐರೋಲಿ ಗಾಂವಿನ ಪಾರ್ಟಿಯೊಂದರಲ್ಲಿ ಢೋಲಕಿ ಬಾರಿಸುತ್ತಿದ್ದ ಆಗ್ರಿ ಸಮುದಾಯದ ಹುಡುಗನ ಎಡಗೈಯನ್ನು ನಮ್ಮ ಹಾರ್ಮೋನಿಯಂನವರು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಗದ್ದಲದಲ್ಲೇ ಹತ್ತಿರ ಹೋಗಿ ಮರಾಠಿಯಲ್ಲಿ ಕೇಳಿದರು, ತಬಲಾ ಬರುತ್ತದೆಯೇ ಎಂದು. ಸ್ವಲ್ಪ ಬರುತ್ತದೆ ಕಾಕಾ, ಎಂದ. ಎಂಜಿನಿಯರಿಂಗ್ ಮೂರನೆಯ ವರ್ಷದವನು.

ಕನ್ನಡ ಅವನಿಗೆ ಒಂದಕ್ಷರ ಬಾರದು. ಮೊದಲ ಶನಿವಾರ ಸಾಲು ಮುಗಿಯುವ ಮುಂಚೆಯೇ ಲಗ್ಗಿ ಹಚ್ಚಿದ. ಅಕ್ಕನೇ ಪಕ್ಕದಲ್ಲಿ ಕೂತು ಪದಗಳನ್ನು ದೇವನಾಗರಿಯಲ್ಲಿ ಬರೆಯಿಸಿ, ಎಲ್ಲಿ ಉಸಿರು ನಿಲ್ಲುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟರು. ತಿಹಾಯಿಯ ಜಾಗವನ್ನು ಯಾರೂ ತೋರಿಸಲಿಲ್ಲ. ನಾವೆಲ್ಲ ಯಾಕೆ ಹೀಗೆ ನಿಲ್ಲುತ್ತೇವೆ ಎಂದು ಅವನೇ ಕೇಳಿದ. ಕಾರಣ ಹೇಳಿದೆವು. ಎಷ್ಟು ಮಾತ್ರೆ ಎಂದು ಮತ್ತೆ ಕೇಳಿದ. ನಾವು ಎಣಿಸಿರಲೇ ಇಲ್ಲ. ಎರಡು ಸಲ ಹಾಡಿಸಿ, ಬೆರಳಲ್ಲಿ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡ. ಮುಂದಿನ ವಾರ ಬಾರಿಸಿದ್ದು ತಬಲಾದಣ್ಣನ ತಿಹಾಯಿಯಲ್ಲ, ಅವನ ಬೆಂಜೊ ಪಾರ್ಟಿಯ ಢೋಲಕಿಯ ಹೊಡೆತ. ಕೂತದ್ದು ಮಾತ್ರ ಅದೇ ಅಳತೆಯಲ್ಲಿ.

ಆ ಡಿಸೆಂಬರಿನಲ್ಲಿ ಅರ್ಧ ಏಕಾಹ ಮಾಡಿದೆವು. ಸೂರ್ಯೋದಯಕ್ಕೆ ದೀಪ ಹಚ್ಚಿ ಸೂರ್ಯಾಸ್ತಕ್ಕೆ ಮಂಗಳ. ನೆರೂಲ್, ಘನ್ಸೋಲಿ, ಡೊಂಬಿವಲಿಯ ಮಂಡಳಿಗಳವರು ಸರದಿಯಲ್ಲಿ ಬಂದು ಹಾಡಿದರು. ಒಂದು ತಂಡ ಏಳುವಾಗ ಇನ್ನೊಂದು ತಂಡ ಅದೇ ಪಲ್ಲವಿಯನ್ನು ಹಿಡಿದುಕೊಂಡು ಕೂರಬೇಕು, ನಾದ ಕಡಿಯಬಾರದು. ನಮ್ಮ ಹುಡುಗ ಮಧ್ಯಾಹ್ನದಿಂದ ಏಳಲೇ ಇಲ್ಲ. ಊಟಕ್ಕೆ ಕರೆದರೆ ಡಗ್ಗಾದ ಮೇಲಿನಿಂದ ಕೈ ತೆಗೆಯದೆ ತಲೆಯಾಡಿಸಿದ. ಕೊನೆಗೆ ಅಕ್ಕ ಚಿತ್ರಾನ್ನವನ್ನು ಚಮಚದಲ್ಲಿ ಅವನ ಬಾಯಿಗಿಟ್ಟರು.

ಅವನ ಲಯ ತಬಲಾದಣ್ಣನದಕ್ಕಿಂತ ಒಂದು ಗುಂಜಿ ಚುರುಕು. ಹಿರಿಯಮ್ಮನಿಗೆ ಉದ್ದ ಸಾಲಿನ ಪದಗಳಲ್ಲಿ ಉಸಿರು ಸಾಲುವುದಿಲ್ಲ, ನಿಧಾನಿಸು ಮಗಾ ಎಂದು ಕೈ ತೋರಿಸುತ್ತಾರೆ. ಅವನು ಎರಡು ಆವರ್ತ ನಿಧಾನಿಸಿ ಮತ್ತೆ ಏರುತ್ತಾನೆ. ಹಾರ್ಮೋನಿಯಂನವರ ವಾದ ನಾವೇ ಇಷ್ಟು ವರ್ಷ ಜಡವಾಗಿದ್ದೆವು ಎಂದು. ಇದನ್ನು ತೀರ್ಮಾನಿಸಲೆಂದೇ ಗುರುವಾರ ರಾತ್ರಿ ಊಟದ ಮೇಲೆ ನಮ್ಮ ಮನೆಯಲ್ಲಿ ಅಭ್ಯಾಸ ಇಟ್ಟುಕೊಂಡಿದ್ದೇವೆ. ಹಿರಿಯಮ್ಮ ತಾಳ ತರುತ್ತಾರೆ.